ರಸ್ಟ್‌ನಲ್ಲಿ ಫಂಕ್ಷನಲ್ ಶೈಲಿ: ಕ್ಲೋನ್ ಸುರಿಯದೆ, ತಪ್ಪು ನುಂಗದೆ ಬರೆಯುವ ಕ್ರಮ

ಜಾವಾಸ್ಕ್ರಿಪ್ಟ್‌ನಲ್ಲೋ ಪೈಥಾನ್‌ನಲ್ಲೋ ಮ್ಯಾಪ್, ಫಿಲ್ಟರ್ (ಪಟ್ಟಿಯನ್ನು ಬದಲಿಸುವ, ಸೋಸುವ ಮೆಥಡ್‌ಗಳು) ಕಲಿತು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬಂದವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ನಾಲ್ಕು ಮೆಥಡ್‌ಗಳ ಸರಪಳಿ ಬರೆದಿರುತ್ತಾರೆ. ಕಂಪೈಲರ್ ಒಂದು ಪುಟದಷ್ಟು ಎರರ್ ಉಗುಳುತ್ತದೆ. ಆಮೇಲೆ ಕಂಡಕಂಡಲ್ಲಿ ‘ಕ್ಲೋನ್’ (ಡೇಟಾದ ನಕಲು) ಹಾಕಿ, ‘ಅನ್‌ರ್ಯಾಪ್’ (ಬೆಲೆ ಹೊರತೆಗೆಯುವುದು, ತಪ್ಪಿದ್ದರೆ ಪ್ರೋಗ್ರಾಂ ನಿಲ್ಲಿಸುವುದು) ಹಾಕಿ ಅದರ ಬಾಯಿ ಮುಚ್ಚಿಸುತ್ತಾರೆ. ಕೋಡ್ ಓಡುತ್ತದೆ. ಆದರೆ ಕೆಟ್ಟ ಡೇಟಾ ಬಂದ ದಿನ ಒಂದೋ ನಿಂತುಬಿಡುತ್ತದೆ, ಇಲ್ಲವೇ ತಪ್ಪು ಉತ್ತರ ಕೊಡುತ್ತದೆ. ಎರಡನೆಯದು ಹೆಚ್ಚು ಅಪಾಯ.

ತೊಂದರೆ ಇರುವುದು ಕೆಲಸದ ಕ್ರಮದಲ್ಲಿ. ಸರಪಳಿಯಿಂದ ಶುರು ಮಾಡಬಾರದು. ಡೇಟಾದ ಆಕಾರ ಏನು, ಅದರ ಒಡೆತನ ಯಾರದ್ದು, ತಪ್ಪು ಬಂದರೆ ಎಲ್ಲಿಗೆ ಹೋಗಬೇಕು ಎಂಬ ಮೂರು ತೀರ್ಮಾನ ಮೊದಲು ಆಗಬೇಕು. ಅವು ಆದಮೇಲೆ ಸರಪಳಿ ಬರೆಯುವುದು ಅರ್ಧ ಗಂಟೆಯ ಕೆಲಸ.

ಇಡೀ ಮಾರ್ಗದರ್ಶಿಗೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮಳೆ ಲೆಕ್ಕದ ಒಂದು ಕಡತ ಇದೆ. ಮೊದಲ ಸಾಲು ಶೀರ್ಷಿಕೆ. ಆಮೇಲೆ ಪ್ರತಿ ಸಾಲಿನಲ್ಲೂ ಊರು, ದಿನಾಂಕ, ಮಿಲಿಮೀಟರ್ ಲೆಕ್ಕದ ಮಳೆ, ಮಧ್ಯೆ ಅಲ್ಪವಿರಾಮ. ಊರಿನ ಹೆಸರು ಕನ್ನಡದಲ್ಲಿದೆ. ಕೆಲವು ದಿನ ಅಳತೆಯೇ ಆಗಿಲ್ಲ. ಊರಿಗೊಂದು ಒಟ್ಟು ಮಳೆ, ಅತಿ ಜಾಸ್ತಿ ಮಳೆಯಾದ ದಿನ, ಅತಿ ಉದ್ದದ ಒಣ ಅವಧಿ, ಇಷ್ಟು ಬೇಕು.

ಮೆಥಡ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಅಂಡರ್‌ಸ್ಕೋರ್ ಇರುವಲ್ಲಿ ಅದನ್ನೂ ಹಾಕಿದ್ದೇನೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ನೀವೇ ಇಡುವ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಬರೆದರೂ ರಸ್ಟ್ ಒಪ್ಪುತ್ತದೆ. 1.53ರಿಂದ ಆ ಅನುಕೂಲ ಇದೆ.

ಬೇಕಾದ ಸಲಕರಣೆ

ರಸ್ಟ್‌ಅಪ್ ಎಂಬ ಇನ್‌ಸ್ಟಾಲರ್ ಮೂಲಕ ಸ್ಟೇಬಲ್ ಆವೃತ್ತಿ ಹಾಕಿಕೊಳ್ಳಿ. ಹೊಸ ಪ್ರಾಜೆಕ್ಟ್ ಆದರೆ 2024ರ ಎಡಿಷನ್ ಇರಲಿ. ಅದಕ್ಕೆ ರಸ್ಟ್ 1.85 ಅಥವಾ ನಂತರದ್ದು ಬೇಕು.

ಎಡಿಟರ್‌ನಲ್ಲಿ ರಸ್ಟ್ ಅನಲೈಸರ್ ಇರಲೇಬೇಕು. ಸರಪಳಿಯನ್ನು ಸಾಲಿಗೊಂದು ಮೆಥಡ್‌ನಂತೆ ಮುರಿದು ಬರೆದರೆ, ಪ್ರತಿ ಸಾಲಿನ ತುದಿಯಲ್ಲಿ ಅಲ್ಲಿಂದ ಹೊರಬರುವ ಟೈಪ್ ಯಾವುದು ಎಂದು ಅದು ಮಂದ ಬಣ್ಣದಲ್ಲಿ ತೋರಿಸುತ್ತದೆ. ಈ ಗೈಡ್‌ನಲ್ಲಿರುವ ಅರ್ಧ ತಪ್ಪುಗಳು ಆ ಮಂದ ಅಕ್ಷರ ಓದಿದರೆ ಆಗುವುದೇ ಇಲ್ಲ.

ಜೊತೆಗೆ ಕಂಪೈಲ್ ಎರರ್ ತೋರಿಸುವ ‘ಕಾರ್ಗೋ ಚೆಕ್’, ಅನುಮಾನದ ಕೋಡ್ ಬಗ್ಗೆ ಎಚ್ಚರಿಸುವ ‘ಕಾರ್ಗೋ ಕ್ಲಿಪ್ಪಿ’. ಪ್ರತಿ ಹಂತ ಮುಗಿದ ಮೇಲೆ ಎರಡನ್ನೂ ಓಡಿಸಿ. ಎಲ್ಲ ಬರೆದು ಕೊನೆಗೊಮ್ಮೆ ಓಡಿಸಿದರೆ ಯಾವ ಎರರ್ ಯಾವುದರಿಂದ ಹುಟ್ಟಿತು ಎಂದು ಹುಡುಕುವುದೇ ಕೆಲಸವಾಗುತ್ತದೆ. ಎರರ್ ಕೋಡ್ ಅರ್ಥವಾಗದಿದ್ದರೆ ‘ರಸ್ಟ್‌ಸಿ’ ಆಜ್ಞೆಗೆ ‘ಎಕ್ಸ್‌ಪ್ಲೇನ್’ ಆಯ್ಕೆ ಕೊಟ್ಟು ಆ ಕೋಡ್ ಬರೆಯಿರಿ. ಉದಾಹರಣೆ ಸಮೇತ ವಿವರಣೆ ಬರುತ್ತದೆ. ಐಟರ್‌ಟೂಲ್ಸ್, ರೇಯಾನ್ ಕ್ರೇಟ್‌ಗಳು (ರಸ್ಟ್‌ನ ಲೈಬ್ರರಿಗಳು) ಆಮೇಲೆ ಬೇಕಾಗಬಹುದು. ಈಗಲೇ ಸೇರಿಸಬೇಡಿ.

ಹಂತ 1: ಡೇಟಾದ ಆಕಾರ ಮೊದಲು

ಮಳೆಯ ಅಂಕಿಯನ್ನು ನೇರವಾಗಿ ಒಂದು ಫ್ಲೋಟ್ ಆಗಿ ಇಟ್ಟುಕೊಳ್ಳಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲೇ ಮೊದಲ ಎಡವಟ್ಟು. ಅಳತೆ ಆಗದ ದಿನಕ್ಕೆ ಏನು ಬರೆಯುತ್ತೀರಿ? ಸೊನ್ನೆ ಬರೆದರೆ ಆ ದಿನ ಮಳೆ ಬರಲಿಲ್ಲ ಎಂದಾಗುತ್ತದೆ. ಅಳೆಯದೇ ಇರುವುದೂ ಮಳೆ ಬಾರದೇ ಇರುವುದೂ ಒಂದೇ ಅಲ್ಲ ಅಲ್ವಾ?

ಅದಕ್ಕೆ ಒಂದು ಈನಮ್ (ಗೊತ್ತಾದ ಕೆಲವು ಬಗೆಗಳಲ್ಲಿ ಒಂದಾಗಿರುವ ಟೈಪ್) ಮಾಡಿ. ‘ಅಳತೆ’ ಎಂದು ಹೆಸರಿಡಿ. ಅದರಲ್ಲಿ ಮೂರು ಬಗೆ: ‘ಮಳೆ’ (ಒಳಗೆ ಮಿಲಿಮೀಟರ್ ಅಂಕಿ), ‘ಹನಿ’ (ಅಳತೆಗೆ ಸಿಗದಷ್ಟು ಕಡಿಮೆ, 0.1 ಮಿಲಿಮೀಟರ್‌ಗಿಂತ ಕೆಳಗೆ), ‘ಅಳೆದಿಲ್ಲ’. ಊರು, ದಿನಾಂಕ, ಅಳತೆ ಸೇರಿಸಿ ‘ದಿನ’ ಎಂಬ ಸ್ಟ್ರಕ್ಟ್. ಇನ್ನೊಂದು ಚಿಕ್ಕ ಈನಮ್ ‘ಬಗೆ’: ತೇವ, ಒಣ, ಗೊತ್ತಿಲ್ಲ. ಭಾರತ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಂದರೆ ಅದು ಮಳೆ ದಿನ. ನಮ್ಮ ತೇವ, ಒಣಕ್ಕೂ ಅದೇ ಗೆರೆ.

ಈನಮ್ ಇಟ್ಟಮೇಲೆ ‘ಮ್ಯಾಚ್’ ಬರೆಯುವಾಗ ಕಂಪೈಲರ್ ಎಲ್ಲ ಬಗೆಗಳನ್ನೂ ನಿಭಾಯಿಸಿದ್ದೀರಾ ಎಂದು ನೋಡುತ್ತದೆ. ಬಿಟ್ಟರೆ ಇ0004 ಎರರ್. ಫಂಕ್ಷನಲ್ ಶೈಲಿಯಿಂದ ರಸ್ಟ್‌ನಲ್ಲಿ ಸಿಗುವ ಅತಿ ದೊಡ್ಡ ಲಾಭ ಇದೇ ಎಂದು ನಾನು ನಂಬುತ್ತೇನೆ. ಮ್ಯಾಪ್, ಫಿಲ್ಟರ್ ಎಲ್ಲ ಇದರ ಮುಂದೆ ಎರಡನೆಯದು.

ಎಚ್ಚರಿಕೆ ಗುರುತು: ಮ್ಯಾಚ್‌ನ ಕೊನೆಯಲ್ಲಿ ‘ಉಳಿದದ್ದೆಲ್ಲ’ ಎನ್ನುವ ಅಂಡರ್‌ಸ್ಕೋರ್ ಸಾಲು ಹಾಕುವ ಅಭ್ಯಾಸ. ನಾಳೆ ‘ಆಲಿಕಲ್ಲು’ ಎಂಬ ನಾಲ್ಕನೇ ಬಗೆ ಸೇರಿಸಿದರೆ ಅದು ಸದ್ದಿಲ್ಲದೆ ಆ ಸಾಲಿಗೆ ಬೀಳುತ್ತದೆ. ಕಂಪೈಲರ್ ಹೇಳುವುದಿಲ್ಲ. ನಿಮ್ಮದೇ ಈನಮ್ ಆದರೆ ಎಲ್ಲ ಬಗೆಗಳನ್ನೂ ಹೆಸರಿಟ್ಟೇ ಬರೆಯಿರಿ.

ಹಂತ 2: ಒಂದು ಸಾಲಿಗೆ ಒಂದು ಶುದ್ಧ ಫಂಕ್ಷನ್

ಈಗ ಒಂದೇ ಸಾಲನ್ನು ಓದಿ ‘ದಿನ’ ಮಾಡುವ ಫಂಕ್ಷನ್ ಬರೆಯಿರಿ. ಇಡೀ ಕಡತದ ಚಿಂತೆ ಈಗ ಬೇಡ. ಫಂಕ್ಷನ್ ಸ್ಟ್ರಿಂಗ್ ಸ್ಲೈಸ್ (ಸ್ಟ್ರಿಂಗ್‌ನ ಎರವಲು ತುಂಡು) ತೆಗೆದುಕೊಳ್ಳಲಿ, ‘ರಿಸಲ್ಟ್’ (ಸರಿಯಾದ ಬೆಲೆ ಅಥವಾ ಎರರ್) ಹಿಂದಿರುಗಿಸಲಿ. ಒಳಗೆ ಕಡತ ತೆರೆಯುವುದು, ಪರದೆ ಮೇಲೆ ಮುದ್ರಿಸುವುದು, ಹೊರಗಿನ ವೇರಿಯಬಲ್ ಬದಲಿಸುವುದು ಯಾವುದೂ ಇರಬಾರದು. ಹಾಗಿದ್ದರೆ ಟೆಸ್ಟ್ ಬರೆಯುವುದು ಸುಲಭ: ಒಂದು ಸಾಲು ಕೊಡು, ಉತ್ತರ ನೋಡು.

ಇಲ್ಲಿ ಒಂದು ಗುಂಡಿ ಇದೆ. ರಸ್ಟ್‌ನ ‘ಪಾರ್ಸ್’ ಮೆಥಡ್ ಫ್ಲೋಟ್‌ಗೆ ಬದಲಿಸುವಾಗ ‘ನ್ಯಾನ್’ (ಅಂಕಿಯಲ್ಲ) ಎಂಬ ಪದವನ್ನೂ ‘ಇನ್ಫ್’ (ಅನಂತ) ಎಂಬ ಪದವನ್ನೂ ಸರಿಯಾದ ಅಂಕಿಯೆಂದೇ ಒಪ್ಪುತ್ತದೆ. ಎರರ್ ಬರುವುದಿಲ್ಲ. ಅಳತೆ ಇಲ್ಲದ ಕಡೆ ನ್ಯಾನ್ ಎಂದು ಬರೆದ ಕಡತ ಬಂದರೆ, ಒಂದೇ ಒಂದು ಸಾಲಿನಿಂದ ಆ ಊರಿನ ಒಟ್ಟು ಮೊತ್ತವೇ ನ್ಯಾನ್ ಆಗುತ್ತದೆ. ಹಲವು ಹವಾಮಾನ ಕಡತಗಳಲ್ಲಿ ಅಳತೆ ಇಲ್ಲ ಎನ್ನಲು -999 ಎಂದು ಬರೆಯುತ್ತಾರೆ. ಅದೂ ಚೆನ್ನಾಗಿಯೇ ಪಾರ್ಸ್ ಆಗುತ್ತದೆ. ಪಾರ್ಸ್ ಆದ ಕೂಡಲೇ ‘ಈಸ್_ಫೈನೈಟ್’ ಕೇಳಿ, ಸೊನ್ನೆಗಿಂತ ಕಡಿಮೆಯೇ ನೋಡಿ. ನಿಮ್ಮ ಕಡತದ ‘ಇಲ್ಲ’ ಗುರುತು ಯಾವುದೋ ಅದನ್ನು ‘ಅಳೆದಿಲ್ಲ’ ಮಾಡಿ. ಉಳಿದ ವಿಚಿತ್ರ ಅಂಕಿಗಳೆಲ್ಲ ಎರರ್ ಆಗಲಿ.

ಊರಿನ ಹೆಸರು ಕನ್ನಡದಲ್ಲಿ ಇರುವುದರಿಂದ ಇನ್ನೂ ಒಂದು ಕೆಲಸ ಇದೆ. ‘ಮಡಿಕೇರಿ’ ಎಂಬುದರಲ್ಲಿ ಏಳು ಯೂನಿಕೋಡ್ ಅಕ್ಷರಗಳಿವೆ. ‘ಲೆನ್’ ಕೇಳಿದರೆ 21 ಬರುತ್ತದೆ, ಏಕೆಂದರೆ ಅದು ಬೈಟ್ ಎಣಿಸುತ್ತದೆ. ಕನ್ನಡದ ಒಂದೊಂದಕ್ಕೂ ಮೂರು ಬೈಟ್. ಇದಕ್ಕಿಂತ ಸೂಕ್ಷ್ಮವಾದದ್ದು ‘ಕೇ’ಯ ದೀರ್ಘ. ಅದನ್ನು ಒಂದೇ ಗುರುತಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ರಸ್ಟ್‌ನ ಸಮ ಹೋಲಿಕೆಗೆ ಬೇರೆ ಬೇರೆ. ಊರಿನ ಪ್ರಕಾರ ಗುಂಪು ಮಾಡಿದಾಗ ಮಡಿಕೇರಿ ಎರಡು ಸಲ ಬಂದರೆ ಆಶ್ಚರ್ಯಪಡಬೇಡಿ. ಯೂನಿಕೋಡ್ ನಾರ್ಮಲೈಸೇಷನ್ ಕ್ರೇಟ್‌ನ ‘ಎನ್‌ಎಫ್‌ಸಿ’ (ಬಿಡಿ ಗುರುತುಗಳನ್ನು ಕೂಡಿಸುವ ರೂಪ) ಹಾಯಿಸಿದರೆ ಎರಡೂ ಒಂದಾಗುತ್ತವೆ. ಕಣ್ಣಿಗೆ ಕಾಣದ ಶೂನ್ಯ ಅಗಲದ ಗುರುತುಗಳನ್ನು ‘ಟ್ರಿಮ್’ ತೆಗೆಯುವುದಿಲ್ಲ. ಹೆಸರಿನ ತುದಿಯಲ್ಲಿ ಅಂಥದ್ದಿದ್ದರೆ ನೀವೇ ತೆಗೆಯಬೇಕು.

ಇದೇ ಕಾರಣಕ್ಕೆ ಕನ್ನಡ ಪದದ ಮೇಲೆ ‘ಕ್ಯಾರ್ಸ್’ ಹಾಕಿ ‘ರೆವ್’ ಮಾಡುವ ಪಾಠದ ಉದಾಹರಣೆಗಳನ್ನು ನಂಬಬೇಡಿ. ‘ಮಳೆ’ ಎಂಬುದನ್ನು ತಿರುಗಿಸಿದರೆ ಎತ್ವದ ಗುರುತು ಯಾವ ಅಕ್ಷರಕ್ಕೂ ಅಂಟದೆ ಮುಂದೆ ಬಂದು ನಿಲ್ಲುತ್ತದೆ. ಕಣ್ಣಿಗೆ ಕಾಣುವ ಅಕ್ಷರ ಎಣಿಸಬೇಕಾದರೆ ಯೂನಿಕೋಡ್ ಸೆಗ್ಮೆಂಟೇಷನ್ ಕ್ರೇಟ್ ಬೇಕು.

ಉದ್ಧರಣ ಚಿಹ್ನೆಯೊಳಗೆ ಅಲ್ಪವಿರಾಮ ಬರುವಂಥ ಕಡತ ಆದರೆ ‘ಸ್ಪ್ಲಿಟ್’ ಸಾಲದು, ಸಿಎಸ್‌ವಿ ಕ್ರೇಟ್ ಬಳಸಿ.

ಹಂತ 3: ಒಡೆತನ ತೀರ್ಮಾನಿಸಿ

ಸರಪಳಿಯ ಮೊದಲ ಪದ ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಸರಪಳಿ ಮುಗಿದ ಮೇಲೂ ಮೂಲ ವೆಕ್ (ರಸ್ಟ್‌ನ ಬೆಳೆಯುವ ಪಟ್ಟಿ) ಬೇಕೇ?

ಬೇಕು, ಸುಮ್ನೆ ನೋಡಿದರೆ ಸಾಕು ಅಂದರೆ ‘ಐಟರ್’. ಅಲ್ಲೇ ತಿದ್ದಬೇಕು ಅಂದರೆ ‘ಐಟರ್_ಮ್ಯೂಟ್’. ಬೇಡ, ಒಳಗಿನದ್ದನ್ನು ಎತ್ತಿಕೊಂಡು ಹೋಗಬೇಕು ಅಂದರೆ ‘ಇಂಟು_ಐಟರ್’. ನಮ್ಮ ಉದಾಹರಣೆಯಲ್ಲಿ ಮೂರು ಲೆಕ್ಕ ಇವೆ, ಒಂದೇ ಡೇಟಾ. ಹಾಗಾಗಿ ಮೂರಕ್ಕೂ ‘ಐಟರ್’. ‘ಇಂಟು_ಐಟರ್’ ಹಾಕಿದರೆ ಎರಡನೇ ಲೆಕ್ಕಕ್ಕೆ ಬರುವಷ್ಟರಲ್ಲಿ ವೆಕ್ ಕೈಬಿಟ್ಟಿರುತ್ತದೆ, ಇ0382 ಬರುತ್ತದೆ.

ಇ0382 ಬಂದಾಗ ಕಂಪೈಲರ್ ಎಷ್ಟೋ ಸಲ ‘ಕ್ಲೋನ್’ ಹಾಕಿ ಎಂದು ಸಲಹೆಯನ್ನೂ ಕೊಡುತ್ತದೆ. ಅದನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಇಡೀ ವೆಕ್‌ನ ನಕಲು ಮಾಡುವ ಬದಲು ಮೊದಲ ಪದವನ್ನು ‘ಐಟರ್’ಗೆ ಬದಲಿಸಿದರೆ ಮುಗಿಯಿತು.

ಇ0507 ಬಂದರೆ ಅರ್ಥ ಬೇರೆ: ನೀವು ಎರವಲು ಪಡೆದ ವಸ್ತುವಿನೊಳಗಿಂದ ಏನನ್ನೋ ಕಿತ್ತುಕೊಳ್ಳುತ್ತಿದ್ದೀರಿ. ‘ಐಟರ್’ನಲ್ಲಿ ಬಂದ ದಿನದಿಂದ ಊರಿನ ಸ್ಟ್ರಿಂಗನ್ನೇ ಹೊರತೆಗೆದಾಗ ಇದು ಬರುತ್ತದೆ. ಊರನ್ನು ಎರವಲಾಗಿ, ಅಂದರೆ ‘ಆಸ್_ಸ್ಟರ್’ ಮೂಲಕ, ತೆಗೆದುಕೊಂಡರೆ ಸರಿಹೋಗುತ್ತದೆ.

ಇನ್ನೊಂದು ಇ0515. ಫಂಕ್ಷನ್ ಒಳಗೇ ಕಡತ ಓದಿ, ಅದರ ಸಾಲುಗಳ ಸ್ಲೈಸ್‌ಗಳನ್ನು ವೆಕ್‌ಗೆ ತುಂಬಿ ಹಿಂದಿರುಗಿಸಲು ಹೋದಾಗ ಬರುವುದು. ಮೂಲ ಸ್ಟ್ರಿಂಗ್ ಆ ಫಂಕ್ಷನ್‌ನಲ್ಲೇ ಸಾಯುತ್ತದೆ, ಸ್ಲೈಸ್‌ಗಳಿಗೆ ನೆಲೆ ಇಲ್ಲ. ಇಲ್ಲಿ ಲೈಫ್‌ಟೈಮ್ ಗುರುತು (ಎರವಲು ಎಷ್ಟು ಕಾಲ ಬದುಕುತ್ತದೆ ಎಂಬ ಸೂಚನೆ) ಸೇರಿಸಿ ಗುದ್ದಾಡಿ ಪ್ರಯೋಜನವಿಲ್ಲ. ಕಡತ ಓದುವುದನ್ನು ಹೊರಗಿನ ‘ಮೇನ್’ಗೆ ಎತ್ತಿ, ಒಳಗಿನ ಫಂಕ್ಷನ್‌ಗೆ ಸ್ಲೈಸ್ ಕೊಡಿ.

ಹಂತ 4: ಸರಪಳಿ ಕಟ್ಟುವುದು

ಸರಪಳಿಗೆ ಮೂರು ಭಾಗ. ಮೂಲ, ನಡುವಿನ ಅಡಾಪ್ಟರ್‌ಗಳು, ಕೊನೆಯ ಗ್ರಾಹಕ. ‘ಮ್ಯಾಪ್’, ‘ಫಿಲ್ಟರ್’, ‘ಟೇಕ್’, ‘ಜಿಪ್’ ಅಡಾಪ್ಟರ್‌ಗಳು. ‘ಸಮ್’, ‘ಕಲೆಕ್ಟ್’, ‘ಫೋಲ್ಡ್’, ‘ಎನಿ’, ‘ಫೈಂಡ್’ ಗ್ರಾಹಕರು. ರಸ್ಟ್‌ನ ಇಟರೇಟರ್‌ಗಳು ಸೋಮಾರಿ. ಗ್ರಾಹಕ ಬಂದು ಎಳೆಯುವವರೆಗೆ ಒಂದು ಅಂಶವೂ ಅಲುಗುವುದಿಲ್ಲ. ‘ಮ್ಯಾಪ್’ ಒಳಗೆ ಮುದ್ರಿಸುವ ಸಾಲು ಹಾಕಿ ಏನೂ ಮುದ್ರಣವಾಗಲಿಲ್ಲ ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಕಂಪೈಲರ್ ಅದಕ್ಕೆ ವಾರ್ನಿಂಗ್ ಕೊಟ್ಟಿರುತ್ತದೆ, ಓದಿರುವುದಿಲ್ಲ. ನಡುವೆ ಏನು ಹರಿಯುತ್ತಿದೆ ಎಂದು ನೋಡಬೇಕಾದರೆ ‘ಇನ್‌ಸ್ಪೆಕ್ಟ್’ ಇದೆ. ಹೊರಗಿನದ್ದನ್ನು ಬದಲಿಸುವುದೇ ಉದ್ದೇಶ ಆದರೆ ‘ಫಾರ್’ ಲೂಪ್ ಬರೆಯಿರಿ.

ಕ್ರಮ ಮುಖ್ಯ. ಕಡತದ ಸಾಲುಗಳನ್ನು ಓದುವಾಗ ಸರಿಯಾದ ಕ್ರಮ ಹೀಗೆ:

ಪಠ್ಯ.ಲೈನ್ಸ್()
.ಎನ್ಯೂಮರೇಟ್()
.ಸ್ಕಿಪ್(1)
.ಫಿಲ್ಟರ್(ಖಾಲಿ ಅಲ್ಲದ ಸಾಲು)
.ಮ್ಯಾಪ್(ಸಾಲು ಓದು, ತಪ್ಪಿದ್ದರೆ ಸಾಲಿನ ಸಂಖ್ಯೆ ಅಂಟಿಸು)

‘ಎನ್ಯೂಮರೇಟ್’ ಮೊದಲೇ ಬಂದದ್ದನ್ನು ಗಮನಿಸಿ. ಖಾಲಿ ಸಾಲು ತೆಗೆದ ಮೇಲೆ ಎಣಿಸಿದರೆ ಎರರ್ ಸಂದೇಶದಲ್ಲಿ ಬರುವ ಸಾಲಿನ ಸಂಖ್ಯೆ ಕಡತದ ಸಂಖ್ಯೆಗೆ ಹೊಂದುವುದಿಲ್ಲ. ಬಳಸುವವರು ತಪ್ಪು ಸಾಲನ್ನು ತಿದ್ದುತ್ತಾ ಕೂರುತ್ತಾರೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ತೋರಿಸುವಾಗ ಒಂದು ಸೇರಿಸಿ.

ಈ ಹಂತದಲ್ಲಿ ಕಾಡುವ ಇನ್ನೆರಡು ವಿಷಯ. ಒಂದು, ‘ಐಟರ್’ ಮೇಲೆ ‘ಫಿಲ್ಟರ್’ ಹಾಕಿದಾಗ ಕ್ಲೋಷರ್‌ಗೆ (ಒಳಗೇ ಬರೆದ ಹೆಸರಿಲ್ಲದ ಫಂಕ್ಷನ್‌ಗೆ) ಸಿಗುವುದು ಎರವಲಿನ ಎರವಲು. ಅಂಕಿಗಳ ವೆಕ್ ಆದರೆ ನೇರ ಹೋಲಿಕೆ ನಡೆಯುವುದಿಲ್ಲ, ಎರಡು ನಕ್ಷತ್ರ ಹಾಕಿ ಬಿಡಿಸಬೇಕು. ಚಿಕ್ಕ ಅಂಕಿಗಳಾದರೆ ‘ಐಟರ್’ ಆದ ಕೂಡಲೇ ‘ಕಾಪಿಡ್’ ಹಾಕಿಬಿಡಿ, ಒಂದು ಎರವಲು ಕಳೆಯುತ್ತದೆ. ಎರಡು, ‘ಕಲೆಕ್ಟ್’ ಮತ್ತು ‘ಸಮ್’ಗೆ ಯಾವ ಟೈಪ್ ಬೇಕು ಎಂದು ನೀವೇ ಹೇಳಬೇಕು. ಇ0282 ಅಥವಾ ಇ0283 ಬಂದರೆ ಅಷ್ಟೇ ವಿಷಯ. ಎಡಗಡೆಯ ವೇರಿಯಬಲ್‌ಗೆ ಟೈಪ್ ಬರೆಯಿರಿ, ಓದಲೂ ಸುಲಭ.

ಕ್ಲೋಷರ್ ಬದಲು ಫಂಕ್ಷನ್ ಹೆಸರನ್ನೇ ‘ಮ್ಯಾಪ್’ಗೆ ಕೊಡಬಹುದು, ನೋಡಲು ಅಂದ. ಆದರೆ ಅಲ್ಲಿ ಟೈಪ್ ಕೂದಲೆಳೆಯಷ್ಟೂ ಬದಲಾಗುವಂತಿಲ್ಲ. ಸ್ಟ್ರಿಂಗ್‌ಗಳ ವೆಕ್ ಮೇಲೆ, ಸ್ಟ್ರಿಂಗ್ ಸ್ಲೈಸ್ ಬೇಡುವ ಫಂಕ್ಷನ್‌ನ ಹೆಸರು ಕೊಟ್ಟರೆ ಎರರ್. ಅದನ್ನೇ ಕ್ಲೋಷರ್ ಒಳಗೆ ಕರೆದರೆ ರಸ್ಟ್ ತಾನೇ ಬದಲಿಸಿಕೊಳ್ಳುತ್ತದೆ.

‘ಜಿಪ್’ ಚಿಕ್ಕ ಪಟ್ಟಿ ಮುಗಿದ ಕೂಡಲೇ ನಿಲ್ಲುತ್ತದೆ, ಏನೂ ಹೇಳುವುದಿಲ್ಲ. ಎರಡರ ಉದ್ದವೂ ಒಂದೇ ಇರಬೇಕಾದ ಕಡೆ ಮೊದಲೇ ಪರೀಕ್ಷಿಸಿ.

ಹಂತ 5: ತಪ್ಪು ಎಲ್ಲಿಗೆ ಹೋಗಬೇಕು

ಇಲ್ಲಿ ನಿಧಾನವಾಗಿ ನಡೆಯಿರಿ. ಸದ್ದಿಲ್ಲದೆ ತಪ್ಪು ಉತ್ತರ ಬರುವುದು ಹೆಚ್ಚಾಗಿ ಈ ಹಂತದಲ್ಲೇ.

ಹಂತ 4ರ ಸರಪಳಿಯ ಕೊನೆಗೆ ನಿಮ್ಮ ಕೈಯಲ್ಲಿರುವುದು ರಿಸಲ್ಟ್‌ಗಳ ಸಾಲು. ಮುಂದೆ ಮೂರು ದಾರಿ.

ಮೊದಲನೆಯದು, ಒಂದು ತಪ್ಪು ಸಿಕ್ಕರೂ ನಿಲ್ಲುವುದು. ಇದಕ್ಕೆ ‘ಕಲೆಕ್ಟ್’ನ ಟೈಪನ್ನು ‘ವೆಕ್ ಒಳಗೊಂಡ ರಿಸಲ್ಟ್’ ಎಂದು ಬರೆದರೆ ಸಾಕು. ರಿಸಲ್ಟ್‌ಗಳ ಸಾಲು ತಿರುಗಿ ಒಂದೇ ರಿಸಲ್ಟ್ ಆಗುತ್ತದೆ. ಮೊದಲ ತಪ್ಪಿನಲ್ಲೇ ಓದುವುದು ನಿಲ್ಲುತ್ತದೆ. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಎರರನ್ನು ಮೇಲಕ್ಕೆ ಕಳಿಸಿ. ಹೊಸಬರಿಗೆ ಇದು ಗೊತ್ತೇ ಇರುವುದಿಲ್ಲ, ಹಾಗಾಗಿ ‘ಮ್ಯಾಪ್’ ಒಳಗೇ ‘ಅನ್‌ರ್ಯಾಪ್’ ಹಾಕಿಬಿಡುತ್ತಾರೆ.

ಎರಡನೆಯದು, ಸರಿಯಾದದ್ದು ಒಂದು ಕಡೆ, ತಪ್ಪಿದ್ದು ಇನ್ನೊಂದು ಕಡೆ. ಮಳೆ ಕಡತಕ್ಕೆ ನಾನು ಇದನ್ನೇ ಆರಿಸುತ್ತೇನೆ. ಸಾವಿರ ಸಾಲಿನಲ್ಲಿ ಹತ್ತು ಕೆಟ್ಟಿದ್ದರೆ ಆ ಹತ್ತನ್ನೂ ಒಂದೇ ಸಲ ತೋರಿಸುವುದು ಒಳ್ಳೆಯದು. ಐಟರ್‌ಟೂಲ್ಸ್‌ನ ‘ಪಾರ್ಟಿಷನ್_ರಿಸಲ್ಟ್’ ಇದನ್ನು ಒಂದೇ ಹೆಜ್ಜೆಯಲ್ಲಿ ಮಾಡುತ್ತದೆ. ಕ್ರೇಟ್ ಬೇಡ ಅಂದರೆ ಎರಡು ವೆಕ್, ಒಂದು ಫಾರ್ ಲೂಪ್.

ಮೂರನೆಯದು, ತಪ್ಪಿದ್ದನ್ನು ಬಿಟ್ಟು ಮುಂದೆ ಹೋಗುವುದು. ಬೇಕೆಂದೇ ಆರಿಸಿಕೊಂಡರೆ ಪರವಾಗಿಲ್ಲ, ಎಷ್ಟು ಬಿಟ್ಟಿರಿ ಎಂದು ಎಣಿಸಿ ಮುದ್ರಿಸಿ. ಎಷ್ಟೋ ಜನ ಇದನ್ನು ಆರಿಸದೆಯೇ ಇದರೊಳಗೆ ಬಿದ್ದಿರುತ್ತಾರೆ. ರಿಸಲ್ಟ್‌ಗಳ ಸಾಲಿನ ಮೇಲೆ ‘ಫ್ಲಾಟನ್’ ಹಾಕಿದರೆ ತಪ್ಪುಗಳೆಲ್ಲ ಮಾಯ. ‘ಫಿಲ್ಟರ್_ಮ್ಯಾಪ್’ ಒಳಗೆ ‘ಓಕೆ’ ಹಾಕಿದರೂ ಅಷ್ಟೇ. ಕೋಡ್ ಚಿಕ್ಕದಾಗಿ ಚೆಂದ ಕಾಣುತ್ತದೆ, ಮೊತ್ತ ಮಾತ್ರ ಕಡಿಮೆ ಬರುತ್ತದೆ. ಬೇರೆಯವರ ಕೋಡ್ ನೋಡುವಾಗ ಈ ಎರಡು ಪದ ಕಂಡರೆ ನಿಂತು ಕೇಳಿ: ಇಲ್ಲಿ ಕಳೆದದ್ದು ಏನು?

ಕಡತವನ್ನು ಸಾಲುಸಾಲಾಗಿ ಓದುವ ಬಫ್‌ರೀಡ್‌ನ ‘ಲೈನ್ಸ್’ ಮೇಲೆ ಇದನ್ನು ಮಾಡುವುದು ಇನ್ನೂ ಕೆಟ್ಟದ್ದು. ಓದುವಾಗ ಅದೇ ಎರರ್ ಮತ್ತೆ ಮತ್ತೆ ಬರುವಂತಿದ್ದರೆ, ಉದಾಹರಣೆಗೆ ಕಡತದ ಬದಲು ಫೋಲ್ಡರ್‌ನ ದಾರಿ ಕೊಟ್ಟಿದ್ದರೆ, ಸರಪಳಿ ಎಂದೂ ಮುಗಿಯುವುದಿಲ್ಲ. ಕ್ಲಿಪ್ಪಿಯಲ್ಲಿ ಇದಕ್ಕೆಂದೇ ಒಂದು ಲಿಂಟ್ (ಎಚ್ಚರಿಕೆಯ ನಿಯಮ) ಇದೆ. ಅದು ಹೇಳುವಂತೆ ‘ಮ್ಯಾಪ್_ವೈಲ್’ ಹಾಕಿದರೆ ಮೊದಲ ಎರರ್‌ನಲ್ಲಿ ನಿಲ್ಲುತ್ತದೆ. ಆಗಲೂ ಎರರ್ ಏನೆಂದು ತಿಳಿಯುವುದಿಲ್ಲ ಎಂಬುದು ನೆನಪಿರಲಿ.

ಪ್ರಶ್ನಾರ್ಥಕ ಚಿಹ್ನೆಯ ಬಗ್ಗೆ ಒಂದು ಮಾತು. ಕ್ಲೋಷರ್ ಒಳಗೆ ಅದನ್ನು ಹಾಕಿದರೆ ಅದು ಹಿಂದಿರುಗುವುದು ಕ್ಲೋಷರ್‌ನಿಂದ, ಹೊರಗಿನ ಫಂಕ್ಷನ್‌ನಿಂದ ಅಲ್ಲ. ಕ್ಲೋಷರ್ ತಾನೇ ರಿಸಲ್ಟ್ ಕೊಡುವಂತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಆಪ್ಷನ್‌ಗಳಿಗೆ (ಬೆಲೆ ಇರಬಹುದು, ಇಲ್ಲದಿರಬಹುದು ಎನ್ನುವ ಟೈಪ್) ‘ಅನ್‌ರ್ಯಾಪ್_ಆರ್’ ಬಳಸುವಾಗ ಗಮನಿಸಿ: ಒಳಗೆ ಕೊಟ್ಟ ಲೆಕ್ಕ ಬೇಕಿದ್ದರೂ ಬೇಡದಿದ್ದರೂ ನಡೆಯುತ್ತದೆ. ಅದು ಭಾರಿ ಕೆಲಸವಾದರೆ ‘ಅನ್‌ರ್ಯಾಪ್_ಆರ್_ಎಲ್ಸ್’ ಬಳಸಿ.

ಹಂತ 6: ಒಟ್ಟುಗೂಡಿಸುವುದು

ಅತಿ ಜಾಸ್ತಿ ಮಳೆ ಹುಡುಕಲು ಫ್ಲೋಟ್‌ಗಳ ಮೇಲೆ ‘ಮ್ಯಾಕ್ಸ್’ ಹಾಕಿದರೆ ಇ0277. ಫ್ಲೋಟ್‌ಗಳಿಗೆ ಪೂರ್ಣ ಕ್ರಮ ಇಲ್ಲ, ಕಾರಣ ನ್ಯಾನ್. ‘ಮ್ಯಾಕ್ಸ್_ಬೈ’ ಹಾಕಿ ‘ಟೋಟಲ್_ಸಿಎಂಪಿ’ಯಿಂದ ಹೋಲಿಸಿ. ಅದು ಧನ ನ್ಯಾನನ್ನು ಎಲ್ಲದಕ್ಕಿಂತ ಮೇಲೆ ಕೂರಿಸುತ್ತದೆ. ಹಂತ 2ರಲ್ಲೇ ಅದನ್ನು ಹೊರಗಿಟ್ಟಿದ್ದೇವೆ, ಹಾಗಾಗಿ ಭಯವಿಲ್ಲ. ‘ಫೋಲ್ಡ್’ಗೆ 0.0 ಕೊಟ್ಟು ದೊಡ್ಡದನ್ನು ಹುಡುಕುವ ಕೋಡ್ ಬಹಳ ಕಡೆ ಕಾಣುತ್ತದೆ. ಅಳತೆಯೇ ಇಲ್ಲದ ಊರಿಗೆ ಅದು ಸೊನ್ನೆ ಎಂದು ಉತ್ತರಿಸುತ್ತದೆ. ‘ಮ್ಯಾಕ್ಸ್_ಬೈ’ ಮತ್ತು ‘ರೆಡ್ಯೂಸ್’ ಆಪ್ಷನ್ ಕೊಡುತ್ತವೆ. ಇಲ್ಲ ಎಂದರೆ ಇಲ್ಲ ಎಂದೇ ಹೇಳುತ್ತವೆ. ಸರಾಸರಿಗೂ ಹೀಗೇ: ಎಣಿಕೆ ಸೊನ್ನೆಯಾದರೆ ಭಾಗಾಕಾರದಿಂದ ನ್ಯಾನ್ ಬರುತ್ತದೆ, ಆಪ್ಷನ್ ಹಿಂದಿರುಗಿಸಿ.

ಪೂರ್ಣಾಂಕಗಳ ‘ಸಮ್’ ಟೈಪ್ ಮೀರಿದರೆ ಡೀಬಗ್ ಬಿಲ್ಡ್‌ನಲ್ಲಿ ಪ್ಯಾನಿಕ್ ಆಗುತ್ತದೆ, ಅಂದರೆ ಅಲ್ಲೇ ನಿಲ್ಲುತ್ತದೆ. ರಿಲೀಸ್ ಬಿಲ್ಡ್‌ನಲ್ಲಿ, ಸೆಟ್ಟಿಂಗ್ ಬದಲಿಸದಿದ್ದರೆ, ಸುತ್ತಿಕೊಂಡು ತಪ್ಪು ಅಂಕಿ ಬರುತ್ತದೆ. ದೊಡ್ಡ ಟೈಪ್ ಆರಿಸಿ, ಅಥವಾ ‘ಟ್ರೈ_ಫೋಲ್ಡ್’ ಜೊತೆ ‘ಚೆಕ್ಡ್_ಆಡ್’ ಬಳಸಿ.

ಊರಿನ ಪ್ರಕಾರ ಒಟ್ಟು ಮಾಡಲು ಹ್ಯಾಶ್‌ಮ್ಯಾಪನ್ನು ‘ಫೋಲ್ಡ್’ ಒಳಗೆ ಸಾಗಿಸುವುದು ಒಂದು ರೂಢಿ. ನನಗದು ಹಿಡಿಸುವುದಿಲ್ಲ. ಕ್ಲೋಷರ್ ಕೊನೆಯಲ್ಲಿ ಮ್ಯಾಪನ್ನು ಹಿಂದಿರುಗಿಸಲು ಮರೆತರೆ ಇ0308. ಇನ್ನು ಪ್ರತಿ ಸುತ್ತಿನಲ್ಲೂ ಮ್ಯಾಪನ್ನು ಕ್ಲೋನ್ ಮಾಡುವವರೂ ಇದ್ದಾರೆ, ಡೇಟಾ ಬೆಳೆದಂತೆ ಕೆಲಸ ವಿಪರೀತ ಹೆಚ್ಚುತ್ತದೆ. ಇಲ್ಲಿ ಫಾರ್ ಲೂಪ್, ‘ಎಂಟ್ರಿ’, ‘ಆರ್_ಇನ್ಸರ್ಟ್’ ಸಾಕು. ಬದಲಾವಣೆ ಆ ಫಂಕ್ಷನ್‌ನ ಒಳಗೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಅದು ಶುದ್ಧ ಫಂಕ್ಷನ್ನೇ. ಕೀಲಿಯಾಗಿ ಊರಿನ ಸ್ಟ್ರಿಂಗ್ ಸ್ಲೈಸ್ ಇಟ್ಟರೆ ನಕಲು ಬೇಕಿಲ್ಲ. ಹ್ಯಾಶ್‌ಮ್ಯಾಪ್‌ನ ಕ್ರಮ ಪ್ರತಿ ಸಲ ಬೇರೆ ಬರಬಹುದು. ವರದಿ ಒಂದೇ ಕ್ರಮದಲ್ಲಿ ಬೇಕಾದರೆ ಕೀಲಿಗಳನ್ನು ಜೋಡಿಸಿಯೇ ಇಡುವ ಬಿಟ್ರೀಮ್ಯಾಪ್ ಬಳಸಿ.

ಅತಿ ಉದ್ದದ ಒಣ ಅವಧಿಗೆ ಮಾತ್ರ ಸರಪಳಿಯೇ ಚೆನ್ನ. ಒಂದೇ ಊರಿನ ದಿನಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಳ್ಳಿ. ವರ್ಷ-ತಿಂಗಳು-ದಿನ ರೂಪದಲ್ಲಿದ್ದರೆ ಸ್ಟ್ರಿಂಗ್ ಆಗಿಯೇ ಸರಿಯಾಗಿ ಜೋಡಣೆಯಾಗುತ್ತದೆ. ಆಮೇಲೆ:

ದಿನಗಳು.ಚಂಕ್_ಬೈ(|ಅ, ಆ| ಬಗೆ_ನೋಡು(ಅ) == ಬಗೆ_ನೋಡು(ಆ))
.ಫಿಲ್ಟರ್(|ಗುಂಪು| ಬಗೆ_ನೋಡು(&ಗುಂಪು[0]) == ಬಗೆ::ಒಣ)
.ಮ್ಯಾಪ್(|ಗುಂಪು| ಗುಂಪು.ಲೆನ್())
.ಮ್ಯಾಕ್ಸ್()

‘ಬಗೆ’ಗೆ ‘ಪಾರ್ಷಿಯಲ್‌ಈಕ್ಯೂ’ ಡಿರೈವ್ ಮಾಡಿರಬೇಕು, ಇಲ್ಲದಿದ್ದರೆ ಹೋಲಿಕೆ ನಡೆಯದು. ‘ಚಂಕ್_ಬೈ’ ಖಾಲಿ ಗುಂಪು ಕೊಡುವುದಿಲ್ಲ, ಆದ್ದರಿಂದ ಸೊನ್ನೆಯ ಸ್ಥಾನ ನೋಡುವುದು ಸುರಕ್ಷಿತ. ‘ಗೊತ್ತಿಲ್ಲ’ ಎಂಬ ದಿನ ಬಂದಾಗ ಒಣ ಗುಂಪು ಅಲ್ಲಿಗೆ ಮುರಿಯುತ್ತದೆ. ಹಂತ 1ರಲ್ಲಿ ಅಳೆಯದ ದಿನಕ್ಕೆ ಸೊನ್ನೆ ಇಟ್ಟಿದ್ದರೆ ಎರಡು ಚಿಕ್ಕ ಒಣ ಅವಧಿಗಳು ಸೇರಿ ಒಂದು ಉದ್ದದ ಬರಗಾಲವಾಗಿ ಕಾಣುತ್ತಿತ್ತು. ಒಂದು ದಿನದ ಸಾಲೇ ಕಡತದಲ್ಲಿ ಇಲ್ಲದಿದ್ದರೆ ಈ ಸರಪಳಿಗೆ ಗೊತ್ತಾಗುವುದಿಲ್ಲ. ಅದನ್ನು ಮೊದಲೇ ತುಂಬಿಕೊಳ್ಳಬೇಕು.

‘ಚಂಕ್_ಬೈ’ ಅಕ್ಕಪಕ್ಕ ಇರುವುದನ್ನು ಮಾತ್ರ ಗುಂಪು ಮಾಡುತ್ತದೆ. ಜೋಡಿಸದ ಡೇಟಾ ಮೇಲೆ ಊರಿನ ಪ್ರಕಾರ ಗುಂಪು ಮಾಡಲು ಇದನ್ನು ಬಳಸಿದರೆ ಒಂದೇ ಊರು ಹತ್ತು ಸಲ ಬರುತ್ತದೆ.

ಹಂತ 7: ಕ್ಲೋಷರ್‌ಗಳನ್ನು ಸಾಗಿಸುವುದು

ಕ್ಲೋಷರ್‌ಗೆ ಮೂರು ಟ್ರೇಟ್ (ಟೈಪ್ ಏನು ಮಾಡಬಲ್ಲದು ಎಂಬ ಕರಾರು): ‘ಎಫ್ಎನ್’ ಎಷ್ಟು ಸಲ ಬೇಕಾದರೂ ಕರೆಯಬಹುದು, ‘ಎಫ್ಎನ್‌ಮ್ಯೂಟ್’ ಕರೆದಾಗ ಹೊರಗಿನದ್ದನ್ನು ಬದಲಿಸಬಹುದು, ‘ಎಫ್ಎನ್‌ಒನ್ಸ್’ ಒಂದೇ ಸಲ. ನಿಮ್ಮ ಫಂಕ್ಷನ್ ಕ್ಲೋಷರ್ ತೆಗೆದುಕೊಳ್ಳುವುದಾದರೆ ನಿಮಗೆ ಸಾಕಾಗುವ ಅತಿ ಸಡಿಲವಾದದ್ದನ್ನೇ ಕೇಳಿ. ಒಂದೇ ಸಲ ಕರೆಯುವುದಾದರೆ ‘ಎಫ್ಎನ್‌ಒನ್ಸ್’ ಸಾಕು.

ಇ0525 ಬಂದರೆ ಕ್ಲೋಷರ್ ತಾನು ಹಿಡಿದ ವಸ್ತುವನ್ನು ಹೊರಗೆ ಕೊಟ್ಟುಬಿಡುತ್ತಿದೆ ಎಂದರ್ಥ. ಇ0373 ಬಂದರೆ ಕ್ಲೋಷರ್ ತಾನು ಎರವಲು ಪಡೆದ ವಸ್ತುವಿಗಿಂತ ಜಾಸ್ತಿ ಕಾಲ ಬದುಕುವ ಸಾಧ್ಯತೆ ಇದೆ. ‘ಮೂವ್’ ಹಾಕಿ. ಕ್ಲೋಷರ್ ಹಿಂದಿರುಗಿಸುವಾಗ, ಥ್ರೆಡ್‌ಗೆ ಕೊಡುವಾಗ ಇದು ಬರುತ್ತದೆ.

‘ಇಷ್ಟು ಮಿಲಿಮೀಟರ್‌ಗಿಂತ ಮೇಲೆ’ ಎಂಬ ಫಿಲ್ಟರನ್ನು ತಯಾರಿಸಿ ಕೊಡುವ ಫಂಕ್ಷನ್ ಬೇಕಾದರೆ ಹಿಂದಿರುಗಿಸುವ ಟೈಪ್ ‘ಇಂಪ್ಲ್ ಎಫ್ಎನ್’. ಆದರೆ ಇಫ್‌ನ ಎರಡು ಕವಲಿನಲ್ಲಿ ಎರಡು ಬೇರೆ ಕ್ಲೋಷರ್ ಕೊಡಲು ಹೋದರೆ ಎರರ್. ಅಕ್ಷರಶಃ ಒಂದೇ ಥರ ಬರೆದಿದ್ದರೂ ಎರಡು ಕ್ಲೋಷರ್‌ಗಳ ಟೈಪ್ ಬೇರೆಯೇ. ಅಲ್ಲಿ ಯಾವ ಕ್ಲೋಷರನ್ನಾದರೂ ಹಿಡಿಯುವ ‘ಬಾಕ್ಸ್ ಡಿನ್ ಎಫ್ಎನ್’ ಬಳಸಿ. ಅದರ ಖರ್ಚು ಚಿಕ್ಕದು. ಅದನ್ನು ತಪ್ಪಿಸಲು ಜೆನೆರಿಕ್‌ಗಳ ಗೋಪುರ ಕಟ್ಟಬೇಡಿ.

ಹಂತ 8: ರಿಕರ್ಷನ್ ಬೇಕೇ?

ಬಹುತೇಕ ಬೇಡ. ಟೇಲ್ ಕಾಲ್ ಆಪ್ಟಿಮೈಸೇಷನ್‌ಗೆ (ಕೊನೆಯ ಕರೆಗೆ ಹೊಸ ಸ್ಟ್ಯಾಕ್ ಜಾಗ ಬಳಸದಿರುವುದು) ರಸ್ಟ್ ಖಾತ್ರಿ ಕೊಡುವುದಿಲ್ಲ. ಹೊಸ ಥ್ರೆಡ್‌ನ ಸ್ಟ್ಯಾಕ್ ಡೀಫಾಲ್ಟ್ ಆಗಿ 2 ಎಂಐಬಿ ಮಾತ್ರ. ಸ್ಟ್ಯಾಕ್ ತುಂಬಿದರೆ ಇಡೀ ಪ್ರೋಗ್ರಾಂ ಅಲ್ಲೇ ಸಾಯುತ್ತದೆ, ಹಿಡಿಯಲು ಆಗುವುದಿಲ್ಲ. ಹಿಂದಿನ ಬೆಲೆಯಿಂದ ಮುಂದಿನದನ್ನು ಹುಟ್ಟಿಸುವ ಕೆಲಸಕ್ಕೆ ‘ಸಕ್ಸೆಸರ್ಸ್’ ಇದೆ. ಮರದಂಥ ರಚನೆಯಲ್ಲಿ ಇಳಿಯಬೇಕಾದರೆ ಒಂದು ವೆಕ್ಕನ್ನೇ ಸ್ಟ್ಯಾಕ್ ಮಾಡಿಕೊಳ್ಳಿ. ಆಳ ಕಡಿಮೆ ಎಂದು ಖಚಿತವಿದ್ದರೆ ರಿಕರ್ಷನ್ ಬರೆಯಿರಿ, ತೊಂದರೆ ಇಲ್ಲ.

ಹ್ಯಾಸ್ಕೆಲ್ ಭಾಷೆಯ ಥರದ ಕಾನ್ಸ್ ಲಿಸ್ಟನ್ನು (ಪ್ರತಿ ಅಂಶವೂ ಮುಂದಿನದನ್ನು ಹಿಡಿದ ಪಟ್ಟಿ) ಬಾಕ್ಸ್‌ಗಳಿಂದ ಕಟ್ಟುವವರಿಗೆ ಒಂದು ಕಿವಿಮಾತು. ಲಕ್ಷಗಟ್ಟಲೆ ಉದ್ದದ ಅಂಥ ಪಟ್ಟಿ ಕಟ್ಟುವಾಗ, ಓದುವಾಗ ಸರಿಯಿದ್ದು, ಡ್ರಾಪ್ ಆಗುವಾಗ (ಮೆಮೊರಿ ಬಿಡುವಾಗ) ಸ್ಟ್ಯಾಕ್ ತುಂಬಿ ಬೀಳಬಹುದು. ಡ್ರಾಪ್ ಕೂಡ ರಿಕರ್ಷನ್ನೇ. ವೆಕ್ ಬಳಸಿದರೆ ಈ ಗೋಳೇ ಇಲ್ಲ.

ಹಂತ 9: ವೇಗ ನೋಡುವುದು, ಹಂಚುವುದು

ವೇಗ ಅಳೆಯುವುದು ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ. ಡೀಬಗ್ ಬಿಲ್ಡ್‌ನಲ್ಲಿ ಇಟರೇಟರ್ ಸರಪಳಿ ಬಹಳ ನಿಧಾನ. ಅದನ್ನು ನೋಡಿ ಲೂಪ್‌ಗೆ ಮರಳಬೇಡಿ. ಮೊದಲು ಸರಪಳಿಯ ನಡುವಿನ ‘ಕಲೆಕ್ಟ್’ಗಳನ್ನು ಹುಡುಕಿ. ವೆಕ್ ಮಾಡಿ ಮತ್ತೆ ತಕ್ಷಣ ‘ಐಟರ್’ ಕರೆದಿದ್ದರೆ, ನಡುವೆ ಸಾರ್ಟ್ ಇಲ್ಲದಿದ್ದರೆ, ಆ ವೆಕ್ ಹೆಚ್ಚಾಗಿ ಬೇಕಿಲ್ಲ.

ಇಷ್ಟಾದ ಮೇಲೂ ನಿಧಾನ ಅನ್ನಿಸಿದರೆ, ಡೇಟಾ ನಿಜಕ್ಕೂ ದೊಡ್ಡದಿದ್ದರೆ, ಕೆಲಸವನ್ನು ಥ್ರೆಡ್‌ಗಳಿಗೆ ಹಂಚುವ ರೇಯಾನ್ ಸೇರಿಸಿ ‘ಐಟರ್’ ಜಾಗದಲ್ಲಿ ‘ಪಾರ್_ಐಟರ್’ ಬರೆಯಿರಿ. ಹಂತ 2ರ ಫಂಕ್ಷನ್‌ಗಳು ಶುದ್ಧವಾಗಿದ್ದರೆ ಬದಲಾವಣೆ ಒಂದೇ ಪದದ್ದು. ಥ್ರೆಡ್‌ಗಳ ನಡುವೆ ಹಂಚಲಾಗದ ‘ಆರ್‌ಸಿ’ ಅಥವಾ ‘ರೆಫ್‌ಸೆಲ್’ ಎಲ್ಲಾದರೂ ನುಸುಳಿದ್ದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ರೇಯಾನ್‌ನ ‘ಫೋಲ್ಡ್’ ಒಂದೇ ಉತ್ತರ ಕೊಡುವುದಿಲ್ಲ. ತುಂಡಿಗೊಂದು ಕೊಡುತ್ತದೆ, ಅದನ್ನು ಮತ್ತೆ ‘ರೆಡ್ಯೂಸ್’ ಮಾಡಬೇಕು. ಫ್ಲೋಟ್‌ಗಳ ಮೊತ್ತ ಕೂಡಿಸುವ ಕ್ರಮದ ಮೇಲೆ ನಿಂತಿರುವುದರಿಂದ ಕೊನೆಯ ಅಂಕೆಗಳು ಓಟದಿಂದ ಓಟಕ್ಕೆ ಸ್ವಲ್ಪ ಬದಲಾಗಬಹುದು. ಟೆಸ್ಟ್‌ನಲ್ಲಿ ಸಮ ಹೋಲಿಕೆ ಇಟ್ಟಿದ್ದರೆ ಅದು ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುತ್ತದೆ. ಮಳೆಯನ್ನು 0.1 ಮಿಲಿಮೀಟರ್‌ನ ಪೂರ್ಣಾಂಕವಾಗಿ ಇಟ್ಟುಕೊಂಡರೆ ಆ ವ್ಯತ್ಯಾಸವೇ ಬರುವುದಿಲ್ಲ. ಅದನ್ನು ಮಾಡುವುದಾದರೆ ಹಂತ 1ಕ್ಕೆ ಹೋಗಿ ‘ಅಳತೆ’ಯ ಒಳಗಿನ ಟೈಪ್ ಬದಲಿಸಿ. ಮುಂದಿನ ಯಾವ ಸಾಲು ತಿದ್ದಬೇಕು ಎಂದು ಕಂಪೈಲರ್ ಒಂದೊಂದಾಗಿ ತೋರಿಸುತ್ತದೆ.